ಸಕ್ಕರೆ ತುಂಬಿದ ಡಬ್ಬಿ

ಲೋ ಗೆಳೆಯಾ,

ಮೊದಲು ತಪ್ಪಾಯ್ತು ಕಣೋ. ನನ್ನ ಕಾಲು ಮುರಿದ ಸುದ್ದಿ ಕೇಳಿ ನೀನು ಫೋನ್‌ಪೇ ಮಾಡಿದ 10 ಸಾವಿರವನ್ನು ಐದೇ ನಿಮಿಷದಲ್ಲಿ ವಾಪಸ್ ಕಳಿಸಿದೆ. 'ಬೇಡ ಕಣೋ, ನನ್ನ ಹತ್ರ ಇದೆ' ಅಂತ ಮೆಸೇಜು ಬೇರೆ. ಇರಲಿಲ್ಲ. ಅದಾದ ಮೇಲೆ ನೀನು ಎರಡು ವಾರ ಫೋನೇ ಮಾಡಲಿಲ್ಲ. ಮಾಡದೇ ಇದ್ದದ್ದು ಸರಿ.

ಪ್ಲಾಸ್ಟರ್ ಹಾಕಿ ಇವತ್ತಿಗೆ 26 ದಿನ. ಇವಳು ಎಂಟಕ್ಕೇ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಆಮೇಲೆ ಮನೆಯಲ್ಲಿ ನಾನು, ಫ್ಯಾನು ಇಬ್ಬರೇ. ಮೊದಲ ವಾರ ದಿನಕ್ಕೆ ಎರಡು ಸಲ ಪೀಣ್ಯಕ್ಕೆ ಫೋನ್ ಮಾಡುತ್ತಿದ್ದೆ, ನನ್ನ ಲೇತ್ ಹೇಗಿದೆ ಅಂತ ಕೇಳೋಕೆ. ಹುಡುಗ ಹೇಳಿದ, "ಸೂಪರಾಗಿ ಓಡ್ತಿದೆ ಅಣ್ಣ, ನೀವು ರೆಸ್ಟ್ ತಗೊಳ್ಳಿ." ಖುಷಿ ಆಗಬೇಕಿತ್ತು, ಅಲ್ವಾ? ನನಗೆ ಹೊಟ್ಟೆಗೆ ಕಲ್ಲು ಬಿದ್ದ ಹಾಗಾಯಿತು. 18 ವರ್ಷ, ಅವನಿಲ್ಲದೆ ಆಗಲ್ಲ ಅನ್ನೋ ಮಾತಿನ ಮೇಲೇ ಬದುಕಿದವನು ನಾನು. ಮಧ್ಯಾಹ್ನ ತಟ್ಟೆ ಮುಂದೆ ಕೂತರೆ ನಮ್ಮಪ್ಪ ಬೈಯುತ್ತಿದ್ದ 'ದಂಡಪಿಂಡ' ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು.

ಅಪ್ಪ ನಿನಗೆ ಗೊತ್ತಲ್ಲ. ಯಾರಾದರೂ ನಮ್ಮ ಹೊಲಕ್ಕೆ ಒಂದು ದಿನ ಮುಯ್ಯಾಳಾಗಿ ಬಂದರೆ, ಅವರ ರಾಗಿ ಕೊಯ್ಲಿಗೆ ಹೋಗಿ ಆ ದಿನ ತೀರಿಸುವವರೆಗೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಅಮ್ಮನ ಟ್ರಂಕಿನಲ್ಲಿ ಮುಯ್ಯಿ ಪುಸ್ತಕ ಇತ್ತು. ಮದುವೆಗೆ ಯಾರು 11 ರೂಪಾಯಿ ಓದಿಸಿದರು, ಯಾರು ಸ್ಟೀಲ್ ಚೊಂಬು ಕೊಟ್ಟರು, ಎಲ್ಲ ಅದರಲ್ಲಿ. ತಪ್ಪು ಅನ್ನುತ್ತಿಲ್ಲ. ಮಳೆ ನಂಬಿದ ಊರು ಹಾಗೇ ಬದುಕಿ ಉಳಿದದ್ದು. ನನಗೆ ಮಾತ್ರ ಆ ಪುಸ್ತಕ ತಲೆಯೊಳಗೇ ಸೇರಿಕೊಂಡುಬಿಟ್ಟಿದೆ. ಅದರಲ್ಲೂ ಕೊಟ್ಟಿದ್ದು ಬರೆಯೋ ಪುಟ ತುಂಬಿರಬೇಕು, ತಗೊಂಡಿದ್ದರ ಪುಟ ಖಾಲಿ ಇರಬೇಕು.

ಪಕ್ಕದ ಮನೆಯ ಅಜ್ಜಿ ದಿನಾ ಮಧ್ಯಾಹ್ನ ಒಂದು ಡಬ್ಬಿ ತರುತ್ತಾರೆ. ಅನ್ನ, ಬಸ್ಸಾರು, ಒಂದೊಂದು ದಿನ ಮುದ್ದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದಲ್ಲ? ವಾಕರ್ ಹಿಡಿದು ಕುಂಟುತ್ತಾ ಅಡುಗೆಮನೆಗೆ ಹೋಗಿ, ಡಬ್ಬಿ ತೊಳೆದು ಒರೆಸಿ, ಸಕ್ಕರೆ ತುಂಬಿಸಿ ಕೊಡುತ್ತಿದ್ದೆ. ಒಂದು ಚಮಚ ಅಲ್ಲ, ಕುತ್ತಿಗೆವರೆಗೆ. ನಾಲ್ಕನೇ ದಿನ ಸಕ್ಕರೆ ಡಬ್ಬ ಕೈಜಾರಿತು. ಅಜ್ಜಿ ಬಂದಾಗ ನಾನು ಒಂದು ಕಾಲು ಚಾಚಿಕೊಂಡು ನೆಲದ ಮೇಲೆ ಕೂತು ಸಕ್ಕರೆ ಗೋರುತ್ತಿದ್ದೆ.

"ಏನಪ್ಪಾ ಇದು?"

"ನಿಮ್ಮ ಡಬ್ಬಿಗೆ ಅಜ್ಜಿ."

"ನಂಗೆ ಶುಗರ್ ಇದೆ ಕಣಪ್ಪಾ! ಮೂರು ದಿನದಿಂದ ಎಲ್ಲ ಇರುವೆಗೆ ಹಾಕ್ತಿದ್ದೀನಿ. ನಾನೇನು ನಿಂಗೆ ಸಾಲ ಕೊಟ್ಟಿದ್ದೀನಾ? ಸುಮ್ನೆ ಉಣ್ಣು."

ಹೇಳಿ, ಪೊರಕೆ ತಗೊಂಡು ಅವರೇ ಗುಡಿಸಿದರು. ನಾನು ನೋಡುತ್ತಾ ಕೂತೆ. ನಾಚಿಕೆ ಆಯಿತು, ಆಮೇಲೆ ಯಾಕೋ ನಗುವೂ ಬಂತು.

ಅವತ್ತು ರಾತ್ರಿ ಸಿದ್ಧಗಂಗೆ ಮಠ ನೆನಪಾಯಿತು. ಮೂರು ವರ್ಷ ತಟ್ಟೆ ಹಿಡಿದು ಸಾಲಿನಲ್ಲಿ ಕೂತೆವಲ್ಲ ನಾವಿಬ್ಬರೂ. ಗಣಿತದಲ್ಲಿ ನನಗೆ 19 ಬಂದ ದಿನವೂ ಮುದ್ದೆ ಚಿಕ್ಕದಾಗಲಿಲ್ಲ. ಕಾಯಕ, ಕಾಯಕ ಅಂತ ಕಲಿತದ್ದೇ ಕಲಿತದ್ದು. ದಾಸೋಹ ನಡೆಯಬೇಕಾದರೆ ಉಣ್ಣಲು ಕೂರುವವನೂ ಒಬ್ಬ ಬೇಕು ಅನ್ನೋದು ತಲೆಗೇ ಹೋಗಿರಲಿಲ್ಲ. 2019ರ ಜನವರಿ 21ಕ್ಕೆ ಬುದ್ಧಿಯವರು, ನಮ್ಮ ಶಿವಕುಮಾರ ಸ್ವಾಮಿಗಳು, ಹೋದರಲ್ಲ, 111 ವರ್ಷಕ್ಕೆ. ಮಕ್ಕಳ ಊಟ ಆಗೋವರೆಗೂ ಸುದ್ದಿ ಹೇಳಬೇಡಿ ಅಂದಿದ್ದರಂತೆ. ಅದನ್ನು ಕೇಳಿ ನೀನು ಫೋನಿನಲ್ಲಿ ಅತ್ತಿದ್ದೆ. ಆ ಮಕ್ಕಳು ಏನು ದುಡಿದಿದ್ದರು ಹೇಳು? ಹಸಿದಿದ್ದರು, ಅಷ್ಟೇ.

ಹಾಗಂತ ನಾನೇನೂ ಪೂರ್ತಿ ರಿಪೇರಿ ಆಗಿಲ್ಲ. ನಿನ್ನೆ ಖಾಲಿ ಡಬ್ಬಿ ಕೊಟ್ಟೆ. ಅಜ್ಜಿ ಅತ್ತ ಹೋಗುತ್ತಿದ್ದ ಹಾಗೇ ಕಡಲೆಬೀಜವಾದರೂ ಇದೆಯಾ ಅಂತ ಮನೆಯೆಲ್ಲ ತಡಕಾಡಿದೆ!

ಆ 10 ಸಾವಿರ ಕೊಡುವ ಮನಸ್ಸು ಇನ್ನೂ ಇದ್ದರೆ ಕಳಿಸು. ಆಸ್ಪತ್ರೆ ಬಿಲ್ಲು ಬಾಕಿ ಇದೆ. ಭಾನುವಾರ ಬರುವಾಗ ಕ್ಯಾತ್ಸಂದ್ರದಲ್ಲಿ ಇಳಿದು ನಾಲ್ಕು ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಾ. ಚಟ್ನಿ ಜಾಸ್ತಿ ಹಾಕಿಸು. ದುಡ್ಡು ನೀನೇ ಕೊಡು.

ಇಂತಿ ನಿನ್ನ,
ಕುಂಟ