ನಿಮ್ಮ ಮೆಂಟೆನೆನ್ಸ್‌ನವರು ನಮ್ಮ ಪಾಮ್ ಗಿಡದ ಸುಳಿ ಕತ್ತರಿಸಿದ ಬಗ್ಗೆ ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಒಳಾಂಗಣ ಗಿಡಗಳ ಮಾರಾಟ ಮತ್ತು ನಿರ್ವಹಣೆ ವಿಭಾಗ,
ಬೆಂಗಳೂರು

ಮಾನ್ಯರೇ,

ಫೋನ್ ಮಾಡಿ ಸಾಕಾಯ್ತು. ಚಾಟ್‌ನಲ್ಲಿ ಬರೆದೂ ಸಾಕಾಯ್ತು. ನಿನ್ನೆ ನಿಮ್ಮ ಕಡೆಯಿಂದ ಬಂದ ಮೆಸೇಜ್ ನೋಡಿದ ಮೇಲೆ ಇನ್ನು ಸುಮ್ನೆ ಇರೋದು ಸರಿಯಲ್ಲ ಅನ್ನಿಸಿತು. "ನಿಮ್ಮ ದೂರು ಪರಿಹಾರವಾಗಿದೆ, ನಮ್ಮ ಸೇವೆಗೆ ರೇಟಿಂಗ್ ಕೊಡಿ" ಅಂತ ಇತ್ತು. ಏನು ಪರಿಹಾರವಾಗಿದೆ? ಗಿಡ ಸಾಯುತ್ತಿದೆ. ಸಾಯುವ ಹಾಗೆ ಮಾಡಿದ್ದು ನಿಮ್ಮವರು. ಕೊನೆಗೆ ತಪ್ಪು ನನ್ನದು ಅಂತ ಬರೆದುಕೊಂಡು ಫೈಲ್ ಮುಚ್ಚಿದ್ದೀರಿ.

ಕಳೆದ ವರ್ಷ ಯುಗಾದಿ ಹೊತ್ತಿಗೆ ನಿಮ್ಮ ಆ್ಯಪ್‌ನಲ್ಲಿ ಒಂದು ಕೆಂಟಿಯಾ ಪಾಮ್ ತರಿಸಿದೆವು. ಗಿಡಕ್ಕೆ ₹8,500. ಅದರ ಮೇಲೆ ತಿಂಗಳಿಗೆ ₹600ರ ಮೆಂಟೆನೆನ್ಸ್ ಪ್ಲಾನ್. ಬಿಲ್ಲು, ಪ್ಲಾನಿನ ಷರತ್ತು ಎಲ್ಲ ನಿಮ್ಮ ಸಿಸ್ಟಮ್‌ನಲ್ಲೇ ಇವೆ, ಮತ್ತೆ ಬರೆಯುವುದಿಲ್ಲ. ನಿಮ್ಮವರ ಕೈಯಲ್ಲಿ ಗಿಡ ಹಾಳಾದರೆ ಹೊಣೆ ಯಾರದು ಅನ್ನುವ 7ನೇ ಷರತ್ತು ಏನು ಅಂತಲೂ ನಾನು ಹೇಳಬೇಕಾಗಿಲ್ಲ. ಬರೆದವರು ನೀವೇ.

ಗಿಡ ತಗೊಂಡಿದ್ದು ನಮ್ಮಪ್ಪನಿಗೋಸ್ಕರ. ತಿಪಟೂರು ಕಡೆ ತೆಂಗಿನ ತೋಟದಲ್ಲೇ ಜೀವನ ಕಳೆದವರು. ಸೊಂಟದ ಮೂಳೆ ಮುರಿದ ಮೇಲೆ ಬನಶಂಕರಿಯ ನಮ್ಮ ಫ್ಲ್ಯಾಟ್‌ಗೆ ಕರೆದುಕೊಂಡು ಬಂದೆವು. ಈಗ ಹೆಚ್ಚು ಹೊತ್ತು ಮಂಚದ ಮೇಲೇ. ಕಣ್ಣಿಗೆ ಒಂದು ಹಸಿರು ಗರಿ ಕಂಡರೆ ಸಾಕು ಅನ್ನುತ್ತಿದ್ದರು. ತೆಂಗಿನ ಸಸಿಯನ್ನು ಹಾಲ್‌ನಲ್ಲಿ ಬೆಳೆಸೋಕಾಗಲ್ಲ, ಅದಕ್ಕೆ ಸುಡುವ ಬಿಸಿಲು ಬೇಕು. ಕೆಂಟಿಯಾ ನೆರಳನ್ನು ತಡೆಯುತ್ತದೆ. ಆಸ್ಟ್ರೇಲಿಯಾದ ಪೂರ್ವಕ್ಕೆ ಸಮುದ್ರದ ನಡುವೆ ಲಾರ್ಡ್ ಹೋವ್ ಅನ್ನೋ ಪುಟ್ಟ ದ್ವೀಪವಿದೆ, 1982ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಈ ಪಾಮ್‌ನ ತವರು ಅದೊಂದೇ. ಅಲ್ಲಿ ದೊಡ್ಡ ಮರಗಳ ನೆರಳಿನಲ್ಲಿ ಎಳೆಯ ಗಿಡಗಳು ನಿಧಾನಕ್ಕೆ ಮೇಲೇಳುತ್ತವೆ. ಮನೆಯೊಳಗೆ ಬಾಳಿಕೆ ಬರೋದು ಅದಕ್ಕೇ. ಇದನ್ನೆಲ್ಲ ಓದಿ, ಅಪ್ಪನಿಗೆ ಹೇಳಿ, ಆಮೇಲೆ ದುಡ್ಡು ಕಟ್ಟಿದ್ದು.

ಹೇಗೆ ನೋಡಿಕೊಂಡೆವು ಅಂತಲೂ ಕೇಳಿ. ನಿಮ್ಮ ಮ್ಯಾನೇಜರ್ ಕೇಳಲೇ ಇಲ್ಲ. ಪೂರ್ವದ ಕಿಟಕಿ ಪಕ್ಕ, ತೆಳು ಪರದೆಯಿಂದ ಈಚೆಗೆ ಕುಂಡ ಇಟ್ಟೆವು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡೋದು, ಒಣಗಿದ್ದರೆ ಮಾತ್ರ ನೀರು. ತಟ್ಟೆಯಲ್ಲಿ ನೀರು ನಿಂತರೆ ಆಗಲೇ ಚೆಲ್ಲುತ್ತಿದ್ದೆ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಬೋರ್‌ವೆಲ್ ನೀರು ಸಾಫ್ಟ್‌ನರ್ ಮೂಲಕ ಬರುತ್ತದೆ. ನೀರಿನ ಗಡಸು ಹೋಗುತ್ತದೆ, ಆದರೆ ಆ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ. ಕುಂಡದ ಮಣ್ಣಿನಲ್ಲಿ ಉಪ್ಪು ಸೇರುತ್ತಾ ಹೋದರೆ ಎಲೆಯ ತುದಿ ಸುಟ್ಟ ಹಾಗೆ ಕಂದಾಗುತ್ತದೆ. ಹಾಗಾಗಿ ಈ ಗಿಡಕ್ಕೆ ಕಾವೇರಿ ನೀರು ಬೇರೆ ಹಿಡಿದಿಡುತ್ತಿದ್ದೆ. ಮಳೆಗಾಲದಲ್ಲಿ ಟೆರೇಸಿನ ಡ್ರಮ್ಮಿನ ನೀರು. ಎಲೆ ಒರೆಸೋದು ಬರೀ ಒದ್ದೆ ಬಟ್ಟೆಯಲ್ಲಿ. ಮನೆಯೊಳಗೆ ಕೆಂಟಿಯಾ ವರ್ಷಕ್ಕೆ ಎರಡೋ ಮೂರೋ ಎಲೆ ಬಿಡುತ್ತದೆ, ಅಷ್ಟೇ. ಒಂದೊಂದು ಸುಳಿಯೂ ಈಟಿಯ ಹಾಗೆ ನೆಟ್ಟಗೆ ಎದ್ದು, ತಿಂಗಳುಗಟ್ಟಲೆ ಮುಚ್ಚಿಕೊಂಡಿದ್ದು, ಆಮೇಲೆ ಬಿಚ್ಚಿಕೊಳ್ಳುತ್ತದೆ. ಅಪ್ಪ ಅದನ್ನು ಕಾಯುತ್ತಿದ್ದರು.

ಆಷಾಢದ ಮಳೆ ಹಿಡಿದಿದ್ದಾಗ ನಿಮ್ಮ ಹುಡುಗ ಬಂದ. ಬೆನ್ನ ಮೇಲೆ "ಪ್ಲಾಂಟ್ ಡಾಕ್ಟರ್" ಅಂತ ಬರೆದ ಟೀ ಶರ್ಟು. ಯಾವ ಗಿಡ ಅಂತಲೂ ಕೇಳಲಿಲ್ಲ. ಮೊದಲು ಕೆಳಗಿನ ಎರಡು ಗರಿ ತೆಗೆದ, ಇನ್ನೂ ಅರ್ಧ ಹಸಿರಿದ್ದವು. ಹಳೇ ಗರಿಯಲ್ಲಿರುವ ಪೊಟ್ಯಾಷನ್ನು ಗಿಡ ಹೊಸ ಎಲೆಗೆ ಎಳೆದುಕೊಳ್ಳುತ್ತದೆ, ಪೂರ್ತಿ ಒಣಗುವ ತನಕ ಅದನ್ನು ಕತ್ತರಿಸಬಾರದು. ನಾನು ಒಳಗಿಂದ ಬರುವಷ್ಟರಲ್ಲಿ ಕತ್ತರಿ ಮೇಲಕ್ಕೆ ಹೋಗಿತ್ತು. ಮಂಚದಿಂದಲೇ ಅಪ್ಪ ಕೂಗಿದರು: "ಲೋ ಮಗ, ಸುಳಿ ಮುಟ್ಬೇಡ ಕಣಪ್ಪ, ಅದೊಂದು ಬಿಟ್ಬಿಡು!" ಅವನು "ಶೇಪ್ ಬರ್ಬೇಕು ತಾತ" ಅಂದ. ಕಚಕ್ ಅಂತ ಸುಳಿಯನ್ನು ಬುಡದ ಹತ್ತಿರಕ್ಕೇ ಕತ್ತರಿಸಿಬಿಟ್ಟ. ಅದರ ಮೇಲೆ ಎಲೆಗೆ ಹೊಳಪು ಬರೋ ಸ್ಪ್ರೇ. ಆ ಎಣ್ಣೆ ಕತ್ತರಿಸಿದ ಗಾಯದೊಳಕ್ಕೇ ಇಳಿಯಿತು. ಫೋಟೊ ತೆಗೆದು, ಆ್ಯಪ್‌ನಲ್ಲಿ ಹಾಕಿ ಹೊರಟುಹೋದ. ಆ ಫೋಟೊ ನಿಮ್ಮ ಹತ್ತಿರ ಇದೆ, ತೆಗೆದು ನೋಡಿ. ಕತ್ತರಿಸಿದ ಸುಳಿ ನೆಲದ ಮೇಲೆ ಬಿದ್ದಿರುವುದೂ ಅದರಲ್ಲಿ ಕಾಣುತ್ತದೆ.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಬೆಳಗಿಂದ ರಾತ್ರಿ ತನಕ ಮನೆಯಿಂದ ಮನೆಗೆ ಓಡಿಸುತ್ತೀರಿ, ಏನೂ ಕಲಿಸುವುದಿಲ್ಲ. ಕಲಿಸದೆ ಕೈಗೆ ಕತ್ತರಿ ಕೊಟ್ಟವರ ಮೇಲೆ ಕೋಪ ಇದೆ.

ಸ್ವಲ್ಪ ದಿನಕ್ಕೇ ಉಳಿದಿದ್ದ ಸುಳಿಯ ಮೋಟು ಕಂದು ಬಣ್ಣಕ್ಕೆ ತಿರುಗಿತು. ಅಪ್ಪ ನನ್ನ ಕೈಲಿ ಅದನ್ನು ಮೆಲ್ಲಗೆ ಎಳೆಸಿದರು. ಹೆಚ್ಚು ಜೋರು ಹಾಕಲೇ ಇಲ್ಲ, ಬುಡ ಸಮೇತ ಕೈಗೆ ಬಂತು. ತುದಿ ಕೊಳೆತು ಅಂಟಂಟಾಗಿತ್ತು, ಹಾಲ್ ತುಂಬ ನಾತ. "ಹೋಯ್ತು ಕಣಮ್ಮ" ಅಂದರು. ತೆಂಗಿನಲ್ಲಿ ಸುಳಿ ಕೊಳೆ ಕಂಡವರಿಗೆ ಬೇರೆ ಪರೀಕ್ಷೆ ಬೇಕಾಗಿಲ್ಲ. ಆದರೂ ಕೊಳೆತದ್ದನ್ನೆಲ್ಲ ಕೆರೆದು ತೆಗೆದು, ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ತಂದು ಹಚ್ಚಿದೆವು. ಒಳಗಿನ ಮೊಳಕೆಗೇ ಕೊಳೆ ಇಳಿದಿತ್ತು. ಇರುವ ಎಲೆಗಳು ಇನ್ನೂ ಕೆಲವು ತಿಂಗಳು ಹಸಿರಾಗಿರಬಹುದು. ಹೊಸದು ಮಾತ್ರ ಬರುವುದಿಲ್ಲ.

ನಿಮ್ಮ ಕಾಲ್ ಸೆಂಟರ್‌ನವರು ಏನು ಹೇಳಿದರು ಗೊತ್ತಾ? "ಆರ್‌ಒ ವೇಸ್ಟ್ ನೀರು ಹಾಕಿ ಮೇಡಂ, ಪಾಮ್‌ಗೆ ತುಂಬಾ ಒಳ್ಳೇದು." ನೀರಿನ ಉಪ್ಪೆಲ್ಲ ಬಂದು ಸೇರುವುದೇ ಆರ್‌ಒ ಫಿಲ್ಟರ್ ಹೊರಗೆ ಬಿಡುವ ಆ ವೇಸ್ಟ್ ನೀರಿನಲ್ಲಿ. ದುಡ್ಡು ತಗೊಂಡು ಕೊಡುವ ಸಲಹೆ ಇದು. ಆಮೇಲೆ, ಮಳಿಗೆಗೆ ಹೋಗಿ ತೋರಿಸಿ ಅಂದರು. ಹೋದೆ.

ಇನ್ನು ಬರೆಯುವುದನ್ನು ಪೂರ್ತಿ ಓದಿ. ಜಯನಗರದ ನಿಮ್ಮ ಮಳಿಗೆ, ಶನಿವಾರ ಸಂಜೆ. ಒಳಗೆ ಜನ ಇದ್ದರು. ಕೊಳೆತ ಸುಳಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದಿದ್ದೆ. ಕೌಂಟರ್ ಹತ್ತಿರ ಗಂಟು ಬಿಚ್ಚೋಕೆ ಹೋದೆ.

"ಏಯ್, ಅದನ್ನ ಇಲ್ಲಿ ಬಿಚ್ಬೇಡಿ. ಕಸ್ಟಮರ್ಸ್ ಇದಾರೆ."

"ನಾನೂ ಕಸ್ಟಮರ್ರೇ ಅಲ್ವಾ ಸರ್" ಅಂದೆ. ಆ ಮ್ಯಾನೇಜರ್ ಮೂಗಿಗೆ ಕರ್ಚೀಫ್ ಹಿಡಿದು, ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಕವರನ್ನು ಪೆನ್ನಿನ ತುದಿಯಲ್ಲಿ ತಳ್ಳಿದರು. ಕೈಯಲ್ಲಿ ಮುಟ್ಟಲೂ ಇಲ್ಲ. ನನಗೆ ಕೂರಲು ಹೇಳಲಿಲ್ಲ. ಪಕ್ಕದಲ್ಲೇ ಖಾಲಿ ಕುರ್ಚಿ ಇತ್ತು.

"ನೀರು ಜಾಸ್ತಿ ಹಾಕಿದೀರ."

"ಇಲ್ಲ ಸರ್, ಬೇರು ಚೆನ್ನಾಗಿದೆ. ನಿಮ್ಮ ಹುಡುಗ ಸುಳಿ ಕತ್ತರಿಸಿದ. ಕೊಳೆ ಮೇಲಿಂದ ಬಂದಿದೆ."

"ಕಟ್ ಮಾಡಿದ್ರೆ ಏನಾಯ್ತು? ಬುಡದಿಂದ ಹೊಸ ಮರಿ ಬರುತ್ತೆ. ಪಾಮ್ ಎಲ್ಲಾ ಹಂಗೇನೇ."

"ಅದು ಅರೇಕಾ ಪಾಮ್‌ನಲ್ಲಿ ಸರ್. ಅದು ಗುಂಪಾಗಿ ಬೆಳೆಯುತ್ತೆ, ಬುಡದಲ್ಲಿ ಮರಿ ಬರುತ್ತೆ. ನೀವು ನನಗೆ ಕೊಟ್ಟಿದ್ದು ಕೆಂಟಿಯಾ. ಇದಕ್ಕೆ ಒಂದೇ ಕಾಂಡ, ಒಂದೇ ಸುಳಿ."

ಅವರು ನಕ್ಕರು. "ಆಂಟಿ, ನಾವು ಇದೇ ಬಿಸಿನೆಸ್ ಮಾಡ್ತಿರೋದು." ಆ ತನಕ ಮೇಡಂ ಆಗಿದ್ದವಳು, ಎದುರು ಮಾತಾಡಿದ ಕೂಡಲೇ ಆಂಟಿಯಾದೆ. ಆಮೇಲೆ ಡ್ರಾಯರಿನಿಂದ ನಿಮ್ಮ ಕೇರ್ ಕಾರ್ಡ್ ತೆಗೆದು ನನ್ನ ಕೈಗಿಟ್ಟರು. "ಓದಿ." ನಾನು ಮನಸ್ಸಿನಲ್ಲೇ ಓದತೊಡಗಿದೆ. "ಜೋರಾಗಿ ಓದಿ, ನಿಮಗೂ ಅರ್ಥ ಆಗ್ಲಿ." ಪಕ್ಕದಲ್ಲಿ ಗಿಡ ನೋಡುತ್ತಿದ್ದ ಗಂಡ ಹೆಂಡತಿ ನಮ್ಮ ಕಡೆ ತಿರುಗಿದ್ದರು. ಬಿಲ್ ಹಾಕುತ್ತಿದ್ದ ಹುಡುಗಿ ಕೈ ನಿಲ್ಲಿಸಿದ್ದಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಪಾಠ ಓದಿಸಿ ನಿವೃತ್ತಳಾದವಳು. ಅಷ್ಟು ಜನರ ಮುಂದೆ ನಿಂತು, "ಮಣ್ಣು ಒಣಗಿದ ಮೇಲೆ ಮಾತ್ರ ನೀರು ಹಾಕಿ, ನೇರ ಬಿಸಿಲಿಗೆ ಇಡಬೇಡಿ" ಅಂತ ಗಟ್ಟಿಯಾಗಿ ಓದಿದೆ. ಗಿಡ ಉಳಿಸೋಕೆ ಇದೊಂದು ಆಗಲಿ ಅಂತ ಓದಿದೆ. ಮುಗಿಸುವ ಮೊದಲೇ ಅವರು ಆ ದಂಪತಿ ಕಡೆ ತಿರುಗಿ, "ನೋಡಿ ಸರ್, ಇಂಥವರಿಗೋಸ್ಕರನೇ ಕಾರ್ಡ್ ಕೊಡೋದು. ಆಮೇಲೆ ಬಂದು ನಮ್ಮ ಮೇಲೆ ಹಾಕ್ತಾರೆ" ಅಂದರು.

"ಸುಳಿ ಕತ್ತರಿಸಬೇಡಿ ಅಂತ ಈ ಕಾರ್ಡಿನಲ್ಲಿ ಎಲ್ಲೂ ಬರೆದಿಲ್ಲವಲ್ಲ ಸರ್" ಅಂದೆ. ಉತ್ತರ ಬರಲಿಲ್ಲ. ಟ್ಯಾಬ್ ನನ್ನ ಮುಂದೆ ಹಿಡಿದು, ಬೆರಳಿನಲ್ಲಿ ಸಹಿ ಹಾಕಿ ಅಂದರು. ಮೇಲೆ "ಗ್ರಾಹಕರ ನಿರ್ಲಕ್ಷ್ಯ" ಅಂತ ಇತ್ತು. ಸಹಿ ಹಾಕಲ್ಲ ಅಂದೆ. "ಹಾಕದಿದ್ರೆ ಬಿಡಿ, ಕ್ಲೋಸ್ ಆಗುತ್ತೆ. ಮನೇಲಿ ಪ್ಲಾಸ್ಟಿಕ್ ಗಿಡ ಇಟ್ಕೊಳ್ಳಿ ಆಂಟಿ, ಅದಕ್ಕೆ ಸುಳಿ ಗಿಳಿ ಏನೂ ಇರಲ್ಲ." ಯಾರೋ ನಕ್ಕರು. ಕವರಿನ ಗಂಟು ಮತ್ತೆ ಬಿಗಿದುಕೊಂಡು ಹೊರಗೆ ಬಂದೆ. ಮನೆಗೆ ಹೋಗಿ ಏನಂದರು ಅಂತ ಅಪ್ಪ ಕೇಳಿದಾಗ ಪೂರ್ತಿ ಹೇಳಲಾಗಲಿಲ್ಲ.

ಹಸುಗೂಸಿನ ನೆತ್ತಿ ಇದ್ದ ಹಾಗೆ ಪಾಮ್‌ನ ಸುಳಿ ಅನ್ನುತ್ತಾರೆ ಅಪ್ಪ. ಮಾವಿನ ಗಿಡದ ತುದಿ ಚಿವುಟಿದರೆ ಪಕ್ಕದಲ್ಲಿ ಕವಲೊಡೆಯುತ್ತದೆ. ಒಂದೇ ಕಾಂಡದ ಪಾಮ್ ಕವಲೊಡೆಯುವುದಿಲ್ಲ. ಬೆಳವಣಿಗೆಯೆಲ್ಲ ನೆತ್ತಿಯಲ್ಲಿರುವ ಆ ಒಂದು ಮೊಳಕೆಯಿಂದ. ಅದು ಸತ್ತರೆ ಗಿಡ ಸತ್ತ ಹಾಗೇ. ತೆಂಗು, ಅಡಿಕೆ ಬೆಳೆಯುವ ಈ ರಾಜ್ಯದಲ್ಲಿ ತೋಟದ ಮನೆಯ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಪಾಮ್ ಮಾರಿ ದುಡ್ಡು ಮಾಡುವ ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದೇ ಹೋದರೆ, ಗೊತ್ತಿದ್ದವರು ಹೇಳಿದಾಗ ಕೇಳಬೇಕಿತ್ತು.

ಈಗ ನಾನು ಹೇಳುವುದನ್ನು ನೀವು ಕೇಳಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನನ್ನ ದೂರು ತಲುಪಿದೆ ಅಂತ 48 ಗಂಟೆಯೊಳಗೆ ನೀವು ತಿಳಿಸಬೇಕು, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಬರೀ ಮೆಸೇಜ್ ಕಳಿಸಿದರೆ ಬಗೆಹರಿದ ಹಾಗಾಗುವುದಿಲ್ಲ. ಗಿಡದ ಹಣ, ಪ್ಲಾನಿಗೆ ಕಟ್ಟಿದ ಹಣ ಎರಡೂ ವಾಪಸ್ ಬರಬೇಕು. "ಗ್ರಾಹಕರ ನಿರ್ಲಕ್ಷ್ಯ" ಅನ್ನುವ ಮಾತನ್ನು ನಿಮ್ಮ ದಾಖಲೆಯಿಂದ ತೆಗೆದು, ತೆಗೆದಿದ್ದೇವೆ ಅಂತ ಬರೆದು ಕೊಡಬೇಕು. ಆ ಮ್ಯಾನೇಜರ್ ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಕ್ಷಮೆ ಕೇಳಬೇಕು.

ಇಷ್ಟು ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೋಗುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೇಸು ಹಾಕಬಹುದು. ಗ್ರಾಹಕರು ಕಟ್ಟಿದ ಹಣ ₹5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಬೇಕಿಲ್ಲ, ನಾನೇ ನಿಂತು ಮಾತಾಡುತ್ತೇನೆ. ನಿಮ್ಮ ಹುಡುಗ ಹಾಕಿದ ಫೋಟೊ, ಸುಳಿ ಕೈಗೆ ಬಂದಾಗ ತೆಗೆದ ವಿಡಿಯೊ, ಆ ಕಾರ್ಡು, ಎಲ್ಲ ಜೋಡಿಸಿ ಇಟ್ಟಿದ್ದೇನೆ. ನನಗೆ ಈಗ ಸಮಯಕ್ಕೆ ಬರವಿಲ್ಲ. ಎಷ್ಟು ವರ್ಷ ಎಳೆದರೂ ಬರುತ್ತೇನೆ.

ಇನ್ನೊಂದು ವಿಷಯ. ನಮ್ಮ ಅಪಾರ್ಟ್‌ಮೆಂಟಿನ ಲಾಬಿ, ಕ್ಲಬ್‌ಹೌಸ್‌ನಲ್ಲಿರುವ ಗಿಡಗಳೆಲ್ಲ ನಿಮ್ಮ ಬಾಡಿಗೆ ಗಿಡಗಳೇ. ಆ ಕಾಂಟ್ರಾಕ್ಟ್ ಮುಂದಿನ ಸಭೆಯಲ್ಲಿ ರಿನ್ಯೂವಲ್‌ಗೆ ಬರುತ್ತದೆ. ಸಮಿತಿಯಲ್ಲಿ ನಾನೂ ಇದ್ದೇನೆ. ಅಕ್ಕಪಕ್ಕದ ಅಪಾರ್ಟ್‌ಮೆಂಟ್‌ಗಳ ಸಮಿತಿಯವರೂ ನನಗೆ ಪರಿಚಯ. ಸಿದ್ದಾಪುರದ ನರ್ಸರಿಗಳಲ್ಲಿ ಗಿಡದ ಸುಳಿ ಎಲ್ಲಿರುತ್ತದೆ ಅಂತ ಗೊತ್ತಿರುವ ಕೆಲಸಗಾರರು ಬೇಕಾದಷ್ಟು ಜನ ಇದ್ದಾರೆ. ಆ ಸಭೆಗೆ ನಿಮ್ಮ ಕಡೆಯಿಂದ ನಿಮ್ಮ ಮ್ಯಾನೇಜರನ್ನೇ ಕಳಿಸಿ. ನಿಮ್ಮ ಪ್ಲಾನಿನ ಪ್ರತಿಯನ್ನು ಅವರ ಕೈಗಿಟ್ಟು, ಎಲ್ಲರಿಗೂ ಕೇಳುವ ಹಾಗೆ 7ನೇ ಷರತ್ತನ್ನು ಓದಿಸುತ್ತೇನೆ. ಆಮೇಲೆ ವೋಟಿಗೆ ಹಾಕುತ್ತೇವೆ.

ಇಂತಿ,
ಬನಶಂಕರಿಯ ನಿಮ್ಮ ಗ್ರಾಹಕಿ