ಮೈಕ್ ಮುಂದೆ ನಿಲ್ಲುವ ಮುನ್ನ

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶಿವಮೊಗ್ಗದಲ್ಲಿ ರೋಗಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾಧಿಕಾರಿಯಾಗಿ ಚಾರ್ಜ್ ತಗೊಂಡೆಯೆಂದು ನಿಮ್ಮಮ್ಮ ಹೇಳಿದಳು. ಡಿಸೆಂಬರ್ ಬಂತೆಂದರೆ ಮಂಗನ ಕಾಯಿಲೆ ಬರುತ್ತದೆ, ಹಿಂದೆಯೇ ಟಿವಿಯವರು.

ಕ್ಯಾಮೆರಾ ಆನ್ ಆಗುವ ಮೊದಲೇ ವರದಿಗಾರನಿಗೆ ಹೆಸರು ಬಿಡಿಸಿ ಹೇಳು. ಮಂಗನ ಬಾವು ಕೆನ್ನೆ ಊದುವ ಕಾಯಿಲೆ, ಮಂಕಿಪಾಕ್ಸ್ ಬೇರೆಯೇ ವೈರಸ್, ನಮ್ಮ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಮೂರನ್ನೂ ಕಲಸಿಬಿಟ್ಟರೆ ಜನ ರೋಗಿಯ ಮನೆ ಕಡೆ ತಲೆ ಹಾಕುವುದಿಲ್ಲ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಲ್ಲ, ಉಣುಗಿನಿಂದ ಬರುವುದು. ಅದೂ ಎಳ್ಳಿನಷ್ಟು ಸಣ್ಣ ಮರಿ ಉಣುಗು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗದು. ಆದ್ದರಿಂದ ನಿನ್ನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ‘ಉಣುಗು ಕಚ್ಚಿತ್ತಾ?’ ಎಂದಲ್ಲ, ‘ಹತ್ತು ದಿನದೊಳಗೆ ಸೊಪ್ಪಿಗೋ ದರಗಿಗೋ ಕಾಡಿಗೆ ಹೋಗಿದ್ರಾ?’ ಎಂದು ಕೇಳಲಿ. ಜ್ವರದ ಮೊದಲ ದಿನಗಳ ರಕ್ತ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್‌ಗೆ, ತಡವಾದರೆ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾಗೆ. ಐಸ್ ಇಲ್ಲದೆ ಬಂದ ಸ್ಯಾಂಪಲ್ ನೆಗೆಟಿವ್ ಎಂದರೆ ನಂಬಬೇಡ, ಮತ್ತೆ ತರಿಸು.

ಸತ್ತ ಮಂಗನ ಮೈಯಿಂದ ಉಣುಗು ಉದುರಿ ಆ ಜಾಗವೇ ಹಾಟ್‌ಸ್ಪಾಟ್ ಆಗುತ್ತದೆ. ಸುತ್ತ 50 ಅಡಿ ಮೆಲಾಥಿಯಾನ್ ಕೀಟನಾಶಕದ ಪುಡಿ ಬೀಳಬೇಕು. ಕ್ಯಾಮೆರಾ ಮುಂದೆ ನೀನು ಆಡಿದ ಮಾತಿನಲ್ಲಿ ಟಿವಿಯವರು ಉಳಿಸುವುದು 20 ಸೆಕೆಂಡು. ‘ಸತ್ತ ಮಂಗನನ್ನು ಮುಟ್ಟಬೇಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ, ಉಣುಗು ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗಿ’ ಎಂಬುದು ಮೊದಲ ಮಾತಾಗಲಿ.

ಅಂಕಿಯಲ್ಲೇ ಎಲ್ಲರೂ ಎಡವುವುದು. 20 ಪ್ರಕರಣಕ್ಕೆ ಒಂದು ಸಾವಾದರೆ ಶೇ 5. ಮರುದಿನ ಇನ್ನೊಂದಾದರೆ ಶೇ 10, ‘ಸಾವಿನ ಪ್ರಮಾಣ ದುಪ್ಪಟ್ಟು’ ಎಂದು ಸ್ಕ್ರೋಲ್ ಓಡುತ್ತದೆ. ಕಾಯಿಲೆ ಅದೇ, ಎಣಿಕೆ ಸಣ್ಣದು ಅಷ್ಟೆ. ಶೇಕಡಾವಾರು ಬಿಡು, ಎಷ್ಟು ಪರೀಕ್ಷೆ, ಎಷ್ಟು ಪಾಸಿಟಿವ್, ಎಷ್ಟು ಸಾವು, ಎಷ್ಟು ಗಂಟೆಯವರೆಗಿನ ಲೆಕ್ಕ, ಇಷ್ಟೇ ಹೇಳು. ಡಿಸಿ ಕಚೇರಿಯ ಪಟ್ಟಿಯಲ್ಲೂ ಅದೇ ಅಂಕಿ ಇದೆಯೇ ನೋಡಿಕೊಂಡು ಬಾಯಿಬಿಡು. ಸಾವಿನ ಕಾರಣ ಪರಿಶೀಲಿಸುವ ಡೆತ್ ಆಡಿಟ್ ಮುಗಿಯುವ ತನಕ ‘ಶಂಕಿತ’ ಸಾವು. ನಲವತ್ತು ಮನೆಯ ಊರಲ್ಲಿ ವಯಸ್ಸು ಹೇಳಿದರೂ ಹೆಸರು ಹೇಳಿದಂತೆಯೇ, ತಾಲ್ಲೂಕಿಗೇ ನಿಲ್ಲಿಸು.

ಲಸಿಕೆ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ಹಳೆಯದು ಸತ್ವ ಸಾಲದೆ 2022ರಲ್ಲಿ ನಿಂತಿತು ಎನ್ನು. ಹೊಸದರ ತಾರೀಖು ಮಾತ್ರ ನಿನ್ನ ಬಾಯಿಂದ ಬರಬಾರದು.

ರಾತ್ರಿ 9ರ ಚರ್ಚೆಗೆ ಕರೆದರೆ ಸೀಸನ್ ಮುಗಿಯಲಿ ಎಂದುಬಿಡು. ತೀರ್ಥಹಳ್ಳಿಗೆ ಬೆಳಿಗ್ಗೆ 6ಕ್ಕೇ ಜೀಪು ಹೊರಡಬೇಕಲ್ಲ.

ಇಂತಿ,
ನಿನ್ನ ದೊಡ್ಡಪ್ಪ