ಗುಳಿಗೆ ಬಿಡಬೇಡಿ ಅಪ್ಪಾ

ಅಪ್ಪಾ, ನಮಸ್ಕಾರ.

ನಿಮ್ಮ ರಕ್ತಪರೀಕ್ಷೆಯ ರಿಪೋರ್ಟನ್ನು ತಮ್ಮ ಕಳಿಸಿದ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 168 ಇದ್ದದ್ದು 92ಕ್ಕೆ ಇಳಿದಿದೆ. ನೋಡಿ ತುಂಬಾ ಖುಷಿಯಾಯಿತು. ಆದರೆ 'ನಾರ್ಮಲ್ ಆಯ್ತಲ್ಲ, ಇನ್ನು ಗುಳಿಗೆ ಯಾಕೆ' ಅಂತ ನೀವು ನಿಲ್ಲಿಸಿಬಿಟ್ಟಿದ್ದೀರಂತೆ. ಅಮ್ಮ ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಈ ಮಾತೆತ್ತಿದರೆ ನೀವು ಬೇರೆ ವಿಷಯಕ್ಕೆ ಹೋಗುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಆ 92 ಬಂದಿದ್ದೇ ಗುಳಿಗೆಯಿಂದ ಅಪ್ಪಾ. ಮೈಯಲ್ಲಿರುವ ಕೊಲೆಸ್ಟ್ರಾಲ್‌ನಲ್ಲಿ ಜಾಸ್ತಿ ಪಾಲು ಊಟದಿಂದ ಬರುವುದಲ್ಲ, ಮೈಯೇ ತಯಾರಿಸಿಕೊಳ್ಳುವುದು. ನೀವು ತೆಗೆದುಕೊಳ್ಳುತ್ತಿದ್ದ ಸ್ಟ್ಯಾಟಿನ್ ಗುಳಿಗೆ ಲಿವರ್‌ನಲ್ಲಿ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಲಿವರ್ ತನಗೆ ಬೇಕಾದ್ದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ, ಎಲ್‌ಡಿಎಲ್ ಇಳಿಯುತ್ತದೆ. ಗುಳಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೇ ಮಟ್ಟಕ್ಕೆ ವಾಪಸ್.

'ನನಗೇನೂ ಆಗ್ತಿಲ್ವಲ್ಲ' ಅನ್ನುತ್ತೀರಿ. ಏನೂ ಗೊತ್ತಾಗದೇ ಇರುವುದೇ ಇದರ ಭಯ. ಎಲ್‌ಡಿಎಲ್ ಕಣಗಳು ರಕ್ತನಾಳದ ಒಳಪದರ ದಾಟಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತವೆ. ಬಿಳಿ ರಕ್ತಕಣಗಳು ಬಂದು ಅವನ್ನು ನುಂಗಿ, ಉಬ್ಬಿ, ಅಲ್ಲೇ ಸಾಯುತ್ತವೆ. ಹೀಗೆ ವರ್ಷಗಟ್ಟಲೆ ಜಿಡ್ಡು ಸೇರಿ, ಅದರ ಮೇಲೊಂದು ತೆಳು ಪೊರೆ ಬೆಳೆಯುತ್ತದೆ. ಅಷ್ಟೂ ಕಾಲ ನೋವಿಲ್ಲ, ಸುಸ್ತಿಲ್ಲ. ಒಂದು ದಿನ ಆ ಪೊರೆ ಹರಿದರೆ ರಕ್ತ ಅಲ್ಲೇ ಹೆಪ್ಪುಗಟ್ಟುತ್ತದೆ. ಹೃದಯಕ್ಕೆ ಹೋಗುವ ನಾಳವಾದರೆ ಹೃದಯಾಘಾತ, ಮಿದುಳಿಗೆ ಹೋಗುವುದಾದರೆ ಪಾರ್ಶ್ವವಾಯು.

ಅಂದರೆ ಇವತ್ತಿನ ಸಂಖ್ಯೆ ಒಂದೇ ಲೆಕ್ಕವಲ್ಲ, ಎಷ್ಟು ವರ್ಷ ಹೇಗಿತ್ತು ಅನ್ನುವುದೂ ಲೆಕ್ಕ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಓದಿದೆ. ಪಿಸಿಎಸ್‌ಕೆ9 ಎಂಬ ಜೀನ್‌ನಲ್ಲಿ ಬದಲಾವಣೆ ಇದ್ದ ಕೆಲವು ಕಪ್ಪು ಜನರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಶೇ. 28ರಷ್ಟು ಕಡಿಮೆ. ಅವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 88ರಷ್ಟು ಕಡಿಮೆ ಕಂಡುಬಂತು! ಗುಳಿಗೆ ಅದಕ್ಕಿಂತ ಜಾಸ್ತಿ ಇಳಿಸಬಲ್ಲದು, ಆದರೆ ಅಷ್ಟು ಫಲ ಸಿಗುವುದಿಲ್ಲ, ಯಾಕೆಂದರೆ ನಾವು ಶುರುಮಾಡುವುದೇ ತಡವಾಗಿ. ತಡವಾಗಿ ಶುರುಮಾಡಿದ್ದನ್ನು ಮಧ್ಯದಲ್ಲಿ ಬಿಡುವುದು ನನಗಂತೂ ಸಂಕಟದ ವಿಷಯ.

ಗುಳಿಗೆ ತಗೊಂಡರೆ ಕಾಲು ಸೆಳೆತ ಅಂತಲೂ ಹೇಳಿದ್ದಿರಂತೆ. ಅದನ್ನು ಸುಮ್ನೆ ತಳ್ಳಿಹಾಕಬೇಡಿ, ಹಾಗಂತ ನೀವೇ ಗುಳಿಗೆ ನಿಲ್ಲಿಸಲೂಬೇಡಿ. ಡಾಕ್ಟರಿಗೆ ಹೇಳಿ. ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು, ಎಜೆಟಿಮೈಬ್ ಅಂತ ಇನ್ನೊಂದು ಗುಳಿಗೆಯೂ ಇದೆ. ದಾರಿ ಇದ್ದೇ ಇದೆ.

ತಮ್ಮನನ್ನೂ ಒಮ್ಮೆ ಪರೀಕ್ಷೆಗೆ ಕರೆದುಕೊಂಡು ಹೋಗಿ. ಜಾಸ್ತಿ ಎಲ್‌ಡಿಎಲ್ ಎಷ್ಟೋ ಸಲ ವಂಶದಲ್ಲೇ ಬರುತ್ತದೆ. ತೆಳ್ಳಗಿದ್ದಾನೆ ಅಂತ ಬಿಡುವ ಹಾಗಿಲ್ಲ. ಲಿಪೊಪ್ರೋಟೀನ್-ಎ ಅಂತ ವಂಶದಿಂದಲೇ ಬರುವ, ಎಲ್‌ಡಿಎಲ್‌ನಂಥದೇ ಇನ್ನೊಂದು ಕಣದ ಪರೀಕ್ಷೆಯ ಬಗ್ಗೆಯೂ ಡಾಕ್ಟರನ್ನು ಕೇಳಿ, ಅದನ್ನು ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ನಾನೂ ಇಲ್ಲಿ ಮಾಡಿಸುತ್ತಿದ್ದೇನೆ.

ಡಾಕ್ಟರ್ ಏನಂದರು ಅಂತ ಭಾನುವಾರ ಫೋನ್ ಮಾಡಿದಾಗ ನೀವೇ ಹೇಳಬೇಕು, ಅಮ್ಮನ ಕೈಲಿ ಹೇಳಿಸಬೇಡಿ.

ಇಂತಿ,
ನಿಮ್ಮ ಮಗಳು